ತೆಗೆದದ್ದು ನನಗೆ ಸೇರಬೇಕು

ಪುಟ್ಟಮಾದಪ್ಪನವರು ತಮ್ಮ ಹೊಸ ಕಂಪ್ಯೂಟರನ್ನು ಅದನ್ನು ಮಾರಿದ ಅಂಗಡಿಯವನ ಮೇಜಿನ ಮೇಲೆ ಇಟ್ಟರು.

"ಮಗಳ ಮದುವೆ ವಿಡಿಯೊ ತುಂಬೋಕೆ ಹೋದ್ರೆ ಜಾಗ ಇಲ್ಲ ಅಂತದೆ. ಸಂಜೆ ಬೀಗರು ನೋಡೋಕೆ ಬತ್ತಾರೆ. ನಾನಿನ್ನೂ ಏನೂ ಹಾಕಿಲ್ಲ, ಒಳಗೆ ಯಾರು ತುಂಬವ್ರೆ?"

"ಕಂಪನಿಯವರೇ ಹಾಕಿ ಕಳಿಸಿರ್ತಾರೆ ಯಜಮಾನ್ರೆ. ಇಸ್ಪೀಟು ಆಟ, ಕೇಕು ಮಾಡೋದು, ಲಂಡನ್ನಿನ ಹವಾಮಾನ, ಇಂಥವೇ. ಬೇಡದ್ದು ತೆಗೆದ್ರೆ ಜಾಗ ಆಯ್ತದೆ."

"ತೆಗಿ ಮತ್ತೆ. ನನ್ನ ಮನೇಲಿ ಅವರ ಸಾಮಾನು ಯಾಕಿರಬೇಕು?"

ಅಂಗಡಿಯವನು ಒಂದೊಂದಾಗಿ ಇಪ್ಪತ್ತು ಪ್ರೋಗ್ರಾಮುಗಳನ್ನು ತೆಗೆದ. ವಿಡಿಯೊಗೆ ಬೇಕಾದಷ್ಟು ಜಾಗವಾಯಿತು. ಪುಟ್ಟಮಾದಪ್ಪನವರು ಕೈ ಚಾಚಿದರು.

"ಎಲ್ಲಿ, ಕೊಡು."

"ಏನು ಕೊಡ್ಲಿ?"

"ತೆಗೆದದ್ದು. ಗಿರಣೀಲಿ ಭತ್ತ ಕುಟ್ಟಿಸಿದ್ರೆ ತೌಡು ಅಲ್ಲೇ ಬಿಟ್ಟು ಬತ್ತೀನಾ?"

"ಅವೆಲ್ಲ ಅಳಿಸಿಹೋದ್ವು ಯಜಮಾನ್ರೆ."

"ಅಳಿಸಿದ್ಯೋ, ಇನ್ನೊಬ್ಬನಿಗೆ ಮಾರೋಕೆ ಎತ್ತಿಟ್ಕೊಂಡ್ಯೋ, ನಂಗೇನು ಗೊತ್ತು?"

ಅರ್ಧ ಗಂಟೆ ಜಗಳವಾಯಿತು. ಬೇರೆ ಗಿರಾಕಿಗಳು ಎದ್ದು ಹೋಗತೊಡಗಿದಾಗ ಅಂಗಡಿಯವನು ಸೋತು, ಅಷ್ಟೂ ಪ್ರೋಗ್ರಾಮುಗಳನ್ನು ಇಂಟರ್‌ನೆಟ್ಟಿನಿಂದ ಇಳಿಸಿ, ಒಂದು ಪೆನ್ ಡ್ರೈವಿಗೆ ತುಂಬಿ ಅವರ ಕೈಗಿಟ್ಟ.

ಸಂಜೆ ಅವನಿಗೆ ಫೋನ್ ಬಂತು.

"ಬೀಗರು ಬಂದು ಕೂತವ್ರೆ. ನೀನು ಕೊಟ್ಟ ಕಂಪ್ಯೂಟರು ಮತ್ತೆ ಜಾಗ ಇಲ್ಲ ಅಂತದೆ."

"ಮನೆಗೆ ಹೋಗಿ ಏನ್ ಮಾಡಿದ್ರಿ ಯಜಮಾನ್ರೆ?"

"ನಾನೇನು ಮಾಡ್ಲಿ? ಆ ಪೆನ್ ಡ್ರೈವು ಹೆಬ್ಬೆರಳಷ್ಟದೆ, ಎಲ್ಲಾದ್ರೂ ಬಿದ್ದೋದಾತು ಅಂತ ಅದರಲ್ಲಿದ್ದದ್ದನ್ನೆಲ್ಲ ಕಂಪ್ಯೂಟರೊಳಕ್ಕೆ ಹಾಕಿಸಿ ಭದ್ರವಾಗಿ ಇಟ್ಟಿವ್ನಿ."