ಹಗುರಾದ ಫೋನು

ಅನಿಲ ಸೋರಿಕೆಯ ಸೈರನ್ ಕೂಗುತ್ತಿದ್ದಂತೆ ಅವಳು ಗಂಡನ ಖಾನೆಯಿಂದ ಅವನ ಫೋನು ಕೈಗೆತ್ತಿಕೊಂಡಳು. ಬೆಂಡಿನಷ್ಟು ಹಗುರ, ಒಳಗೆ ಬ್ಯಾಟರಿಯೇ ಇರಲಿಲ್ಲ. ಸಿಲಿಂಡರ್ ತುಂಬುವ ಆ ಕಾರ್ಖಾನೆಯೊಳಗೆ ಒಂದು ಫೋನೂ ಹೋಗದಂತೆ ಗೇಟಿನಲ್ಲೇ ಇಸಿದುಕೊಂಡು ಖಾನೆಗಳಲ್ಲಿಡುವುದು ಅವಳ ಕೆಲಸ.

"ಕಟ್ಟಿಕೊಂಡವಳೇ ಜೇಬು ತಡಕಿದ್ರೆ ನನ್ನ ಮರ್ಯಾದೆ ಏನಾಗ್ಬೇಕು?" ಎಂದು ಬೆಳಿಗ್ಗೆ ಅವಳನ್ನು ನಗಿಸಿ, ಕೆಟ್ಟ ಫೋನು ಕೊಟ್ಟು, ಒಳ್ಳೆಯದನ್ನು ಜೇಬಿನಲ್ಲೇ ಒಯ್ದಿದ್ದ. ಇವತ್ತು ಮಗಳ ಫಲಿತಾಂಶ. ಫೋನ್ ಮಾಡಿ ಮೊದಲು ತನಗೇ ಹೇಳಬೇಕೆಂದು ಮಗಳಿಂದ ಮಾತು ತೆಗೆದುಕೊಂಡಿದ್ದ.

"ಅಕ್ಕಾ, ನಿಮ್ಮೆಜಮಾನ್ರೊಬ್ರೇ ಒಳಗಿರೋದು, ವಾಲ್ವ್ ಮುಚ್ತಿದ್ದಾರೆ. ಒಂದು ಕಿಡಿ ಹಾರಿದ್ರೂ ಮುಗೀತು!" ಹೊರಗೋಡಿ ಬಂದ ಫಿಟ್ಟರ್ ಕೂಗಿದ.

ಅವಳು ರಸ್ತೆಯಾಚೆ ಓಡಿ ಮಗಳಿಗೆ ಫೋನ್ ಹಚ್ಚಿದಳು. 'ಅಪ್ಪಂಗೆ ಫೋನ್ ಮಾಡ್ಬೇಡ ಕಣೇ' ಎಂಬ ಮಾತು ನಾಲಿಗೆಯ ತುದಿಯಲ್ಲೇ ಇತ್ತು.

"ನೀವು ಕರೆ ಮಾಡಿದವರು ಬೇರೊಂದು ಕರೆಯಲ್ಲಿ ನಿರತರಾಗಿದ್ದಾರೆ" ಎಂದಿತು ಇಂಪಾದ ದನಿ.