ಜ್ಞಾನತಾಯಿ

“ಜ್ಞಾನತಾಯಿ ಯಾರಮ್ಮಾ? ಮುಂದೆ ಬನ್ನಿ,” ಎಂದು ಫಾದರ್ ಮತ್ತೊಮ್ಮೆ ಕರೆದರೂ ಹೊಳೆನರಸೀಪುರದ ಆ ಪುಟ್ಟ ಚರ್ಚಿನಲ್ಲಿ ಒಬ್ಬರೂ ಮಿಸುಕಲಿಲ್ಲ. ತೊಂಬತ್ತೆಂಟನೇ ಇಸವಿ, ಈಸ್ಟರ್ ಕಳೆದ ಮರುವಾರದ ಭಾನುವಾರ. ಕೂಸುಗಳಿಗೆ ಕ್ರೈಸ್ತ ದೀಕ್ಷೆ ಕೊಡುವ ಜ್ಞಾನಸ್ನಾನದ ತೊಟ್ಟಿಯ ಪಕ್ಕದಲ್ಲಿ ಫಿಲೋಮಿನಾ ಐದು ತಿಂಗಳ ಕೂಸನ್ನು ಅವಚಿಕೊಂಡು ಬಾಗಿಲ ಕಡೆಗೇ ನೋಡುತ್ತಿದ್ದಳು. ಜ್ಞಾನತಾಯಿಯಾಗಿ ಕೂಸನ್ನು ಎತ್ತಿಕೊಂಡು ಅದರ ಪರವಾಗಿ ದೇವರೆದುರು ಮಾತು ಕೊಡಲು ಒಪ್ಪಿದ್ದ ಅವಳ ಚಿಕ್ಕಮ್ಮ ಹಾಸನದಿಂದ ಬಂದಿರಲೇ ಇಲ್ಲ.

“ಬರಾಕಿಲ್ವಂತೆ ಫಾದರ್,” ಎಂದಳು ಫಿಲೋಮಿನಾ ಕೊನೆಗೆ, ನೆಲ ನೋಡುತ್ತ. “ಬೆಳಿಗ್ಗೆ ಪಕ್ಕದ್ಮನೆಗೆ ಫೋನ್ ಮಾಡಿದ್ರು. ಆದ್ರೂ ಮನ್ಸು ತಡೀದೆ ಬಂದ್ಬುಡ್ತಾರೇನೋ ಅಂತ ಕಾಯ್ತಿದ್ದೆ. ಇಲ್ಲಿ ಜನ ಏನಂತಾರೋ ಅಂತ ಭಯ ಅಂತೆ.”

“ಯಾವ ಜನ?” ಎಂದರು ಫಾದರ್. ಊರಿಗೆ ಹೊಸಬರು, ಪಾಪ, ಅವರಿಗೇನು ಗೊತ್ತು!

ಯಾವ ಜನ ಅಂದರೆ? ಮುಂದಿನ ಬೆಂಚಿನಲ್ಲಿ ಕೂತಿದ್ದರಲ್ಲ, ಹಿಟ್ಟಿನ ಮಿಲ್ಲಿನ ಲೂರ್ದಮ್ಮ, ಅವರೇ ಜನ. ಬೀದಿಯ ರಾಗಿಯೆಲ್ಲ ಹಿಟ್ಟಾಗುತ್ತಿದ್ದುದು ಅವರ ಮಿಲ್ಲಿನಲ್ಲಿ. ರಾಗಿಯ ಜೊತೆಗೆ ತಂದವರ ಮಾನವೂ. ಯಾರು ಕುಡಿಯುತ್ತಾರೆ, ಯಾರು ಚರ್ಚಿನ ಬಲಿಪೂಜೆ ತಪ್ಪಿಸಿ ಟಿವಿಯಲ್ಲಿ ಮ್ಯಾಚ್ ನೋಡುತ್ತಾರೆ, ಯಾರು ಅತ್ತೆಗೆ ಅನ್ನ ಹಾಕುವುದಿಲ್ಲ, ಎಲ್ಲಕ್ಕೂ ಅಲ್ಲೇ ವಿಚಾರಣೆ, ಅಲ್ಲೇ ತೀರ್ಪು. ಹಾಗಂತ ಕೆಟ್ಟವರೇನಲ್ಲ. ಉಪವಾಸ, ಜಪಸರ, ರೋಗಿಗಳಿಗೆ ಗಂಜಿ, ಯಾವುದರಲ್ಲೂ ಅವರನ್ನು ಮೀರಿಸುವವರಿರಲಿಲ್ಲ. ಅದೇ ತಲೆಗೇರಿಬಿಟ್ಟಿತ್ತು. ಬೋರ್‌ವೆಲ್ ಕೊರೆಯಲು ಬಂದವನ ಹಿಂದೆ ಹೋಗಿ, ತಾಳಿಯಿಲ್ಲದೆ ಕೂಸಿನೊಂದಿಗೆ ವಾಪಸಾದ ಫಿಲೋಮಿನಾಳ ರಾಗಿ ಚೀಲವನ್ನು ಮೊನ್ನೆಯಷ್ಟೇ ಬೀದಿಗೆ ಇಟ್ಟು, “ನಿನ್ ರಾಗಿ ಬೀಸಿದ್ರೆ ನನ್ ಕಲ್ಲು ಮೈಲಿಗೆ ಆಯ್ತದೆ, ಓಗು” ಎಂದಿದ್ದರು. ಸುತ್ತ ನಿಂತಿದ್ದವರು ನಕ್ಕಿದ್ದರು.

“ಬೇರೆ ಯಾರಾದರೂ ಬನ್ನಿ,” ಎಂದು ಫಾದರ್ ಬೆಂಚುಗಳ ಕಡೆ ತಿರುಗಿದರು. “ಈ ಮಗುವಿಗೆ ನಮ್ಮಲ್ಲಿ ಒಬ್ಬರೂ ಇಲ್ಲವೇ?”

“ಬ್ಯಾಡ ಬುಡಿ ಫಾದರ್,” ಎಂದಳು ಫಿಲೋಮಿನಾ. “ಇವತ್ತಾಗ್ಲಿಲ್ಲ ಅಂದ್ರೆ ಇನ್ಯಾವತ್ತೂ ಈ ಮೆಟ್ಲು ಅತ್ತಾಕಿಲ್ಲ ನಾನು. ನಾನ್ ಮಾಡಿದ್ದಕ್ಕೆ ಇದನ್ಯಾಕೆ ಎಲ್ರ ಮುಂದೆ ನಿಲ್ಸಿ ಅವಮಾನ ಮಾಡ್ಸಲಿ?”

ಲೂರ್ದಮ್ಮನ ಪಕ್ಕದಲ್ಲೇ ಕೂತಿದ್ದ ಚೌರಮ್ಮ, ಕರುಳು ಚುರುಕ್ ಎಂದು, ಅರ್ಧ ಎದ್ದರು. ಎದ್ದವರು ಸೀದಾ ಹೋಗಬಾರದೇ? ಲೂರ್ದಮ್ಮನ ಮುಖ ನೋಡಿದರು, ನೋಡಿ ಕೂತುಬಿಟ್ಟರು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಅತ್ತಲೇ ನೋಡತೊಡಗಿದರು, ಅಪ್ಪಣೆಗೆ ಕಾಯುವವರಂತೆ. ಲೂರ್ದಮ್ಮನಿಗೆ ಮೊದಲು ಹಿಗ್ಗೇ ಆಯಿತು. ಮರುಗಳಿಗೆಯೇ ಕಣ್ಣು ಮೇಲೆ ಹೋಯಿತು. ಗೋಡೆಯ ಮೇಲೆ ಶಿಲುಬೆಯಲ್ಲಿ ಸ್ವಾಮಿ ಕೈ ಚಾಚಿಕೊಂಡಿದ್ದಾನೆ, ಒಬ್ಬರಾದರೂ ಅವನನ್ನು ನೋಡುತ್ತಿಲ್ಲ! ‘ಅಯ್ಯೋ ಯೇಸಪ್ಪಾ, ನಿನ್ ಜಾಗದಾಗೆ ನಾನ್ಯಾವಾಗ ಬಂದ್ ಕೂತ್ಕಂಡೆ?’ ಅವನು ಬಾ ಎಂದು ಕರೆದ ಕೂಸನ್ನು ಬಾಗಿಲಲ್ಲೇ ತಡೆದವಳು ತಾನು ಎಂದು ಹೊಳೆದಾಗ ನಾಚಿಕೆಯಿಂದ ಅವರ ಕಿವಿ ಬಿಸಿಯಾಯಿತು.

ಶಿಲುಬೆಯ ಗುರುತು ಹಾಕಿಕೊಂಡು ಎದ್ದರು. ಅವರು ಬರುವುದನ್ನು ಕಂಡು ಫಿಲೋಮಿನಾ ಹಿಂದೆ ಸರಿದಳು.

“ಬೈಬ್ಯಾಡಿ ಅಮ್ಮಾ, ಓಯ್ತೀನಿ.”

“ಎಲ್ಲಿಗೋಯ್ತೀಯೇ? ಕೊಡಿಲ್ಲಿ ಪಾಪಾನ.”

“ಯಾಕೆ?”

“ಯಾಕಂತೆ, ಯಾಕೆ! ಎತ್ಕಳಾಕೆ ಕಣವ್ವ. ಅವತ್ತು ಎಲ್ರ ಮುಂದೆ ಅಂದಿದ್ದೆ, ಇವತ್ತು ಎಲ್ರ ಮುಂದೇನೇ ಏಳ್ತಾ ಇವ್ನಿ, ನಂದು ತಪ್ಪಾಯ್ತು. ಈಗ ಕೊಡ್ತೀಯೋ, ಇಲ್ಲಾ ಕಾಲಿಗ್ ಬೀಳ್ಲೋ?”

“ಅಯ್ಯಯ್ಯೋ ಬ್ಯಾಡಿ!” ಎಂದು ಹುಡುಗಿ ಗಾಬರಿಬಿದ್ದು ಕೂಸನ್ನು ಅವರ ತೋಳಿಗೆ ಹಾಕಿದಳು. ಕೂಸು ಲೂರ್ದಮ್ಮನ ರೇಷ್ಮೆ ಸೆರಗನ್ನು ಹಿಡಿದೆಳೆದು ಬಾಯಿಗೆ ತುರುಕಿಕೊಂಡಿತು. ಈಸ್ಟರಿಗೆಂದು ತಂದ ಹೊಸ ಸೀರೆ, ಜೊಲ್ಲಿನಲ್ಲಿ ತೊಯ್ದುಹೋಯಿತು. ಲೂರ್ದಮ್ಮ ಬಿಡಿಸಿಕೊಳ್ಳಲಿಲ್ಲ.

ಫಾದರ್ ಪುಸ್ತಕ ತೆರೆದರು.

“ಪಾಪವನ್ನು ತ್ಯಜಿಸುತ್ತೀರಾ?”

ಇದಕ್ಕೆ ಉತ್ತರ ಒಂದೇ ಮಾತು, ‘ತ್ಯಜಿಸುತ್ತೇನೆ.’ ವರ್ಷ ವರ್ಷವೂ ಈಸ್ಟರ್ ಪೂಜೆಯಲ್ಲಿ ಅದನ್ನು ಎಲ್ಲರಿಗಿಂತ ಗಟ್ಟಿಯಾಗಿ ಹೇಳುತ್ತಿದ್ದವರೇ ಲೂರ್ದಮ್ಮ. ಇವತ್ತು ಬಾಯಿ ತೆರೆದರು, ಮಾತು ಹೊರಡಲಿಲ್ಲ. ಆ ಪ್ರಶ್ನೆ ಕೇಳಿದಾಗಲೆಲ್ಲ ಅವರಿಗೆ ನೆನಪಾಗುತ್ತಿದ್ದುದು ಊರವರ ಪಾಪ. ತನ್ನದು ನೆನಪಾದದ್ದು ಇದೇ ಮೊದಲು. ಹಿಂದೆ ಯಾರೋ ಕೆಮ್ಮಿದರು. ಎಲ್ಲಿ ಮನಸ್ಸು ಬದಲಾಯಿತೋ ಎಂದು ಫಿಲೋಮಿನಾಳ ಮುಖ ಬಿಳಿಚಿಕೊಂಡಿತು.

“ಹೇಳಿ ಅಮ್ಮಾ, ಪಾಪವನ್ನು ತ್ಯಜಿಸುತ್ತೀರಾ?”

ಲೂರ್ದಮ್ಮ ಕೂಸನ್ನು ಹೆಗಲಿಗೆ ಒರಗಿಸಿಕೊಂಡು, ತಲೆಯೆತ್ತಿ, ಕೊನೆಯ ಬೆಂಚಿನವರಿಗೂ ಕೇಳುವ ಹಾಗೆ ಹೇಳಿದರು. ಆ ಗತ್ತು ನೋಡಬೇಕಿತ್ತು! ನಮ್ಮ ಚರ್ಚಿನವರು ಈಗಲೂ ಆ ಮಾತನ್ನು ಎದೆಯುಬ್ಬಿಸಿ ಹೇಳಿಕೊಳ್ಳುತ್ತಾರೆ.

“ನನ್ ಪಾಪಾನ ತ್ಯಜಿಸ್ತೀನಿ ಫಾದರ್. ಈ ಪಾಪಾನ ಮಾತ್ರ ಯಾವತ್ಗೂ ಬಿಡಾಕಿಲ್ಲ.”