ಉಳಿದ ಶಾಲು

“ನಿಮ್ಮ ಯಾವುದಾದರೂ ಒಂದು ಪಾಠ ಪೂರ್ತಿ ಕೆಟ್ಟುಹೋದದ್ದನ್ನು ಹೇಳಿ” ಎಂದು ಆಶಾ ಕೇಳಿದ್ದೇ ತಡ, ನ್ಯಾಮತಿಯ ಆ ಕಾಲೇಜಿನ ಸಭಾಂಗಣ ತಣ್ಣಗಾಯಿತು. ಅಧ್ಯಾಪಕರೆಲ್ಲ ಮುಂದಿನ ಸಾಲಿನಲ್ಲಿ ಕೈಕಟ್ಟಿ ಕೂತಿದ್ದ ಪ್ರಿನ್ಸಿಪಾಲ್ ಗಾದ್ರಪ್ಪನವರ ಬೆನ್ನು ನೋಡಿದರು. ಗಾದ್ರಪ್ಪನವರು ಹಿಂದಕ್ಕೆ ತಿರುಗಿ ಎಲ್ಲರ ಮುಖವನ್ನೂ ನೋಡಿ, “ನಮ್ಮಲ್ಲಿ ಹಂಗೇನಿಲ್ಲ ಮೇಡಂ. ಎಲ್ಲಾ ಚೆನ್ನಾಗೇ ನಡೀತೈತೆ” ಎಂದರು.

ಅಧ್ಯಾಪಕರಿಗೆ ತರಬೇತಿ ಕೊಡಲು ವಿಶ್ವವಿದ್ಯಾಲಯ ಆಶಾಳನ್ನು ಊರೂರಿಗೆ ಕಳಿಸಿತ್ತು. ಮೊನ್ನೆ ಚನ್ನಗಿರಿಯಲ್ಲಿ ಇದೇ ಪ್ರಶ್ನೆಗೆ ಹುಡುಗು ವಯಸ್ಸಿನ ಮೇಷ್ಟ್ರುಗಳು ಒಬ್ಬರ ಮಾತಿನ ಮೇಲೊಬ್ಬರು ಬಿದ್ದು ಹೇಳಿದ್ದರು. ಅವರನ್ನು ಊಟಕ್ಕೆ ಎಬ್ಬಿಸುವುದೇ ಕಷ್ಟವಾಗಿತ್ತು. ಇಲ್ಲೂ ಅದೇ ಸ್ಲೈಡು, ಅದೇ ನಗೆಮಾತು. ನ್ಯಾಮತಿ ಹೇಗಾಗುತ್ತದೋ ನೋಡಿಕೊಂಡು ಹೊನ್ನಾಳಿ, ಜಗಳೂರಿನ ಮಾತು ಎಂದು ಸಂಯೋಜಕ ರಘುನಾಥ ಸರ್ ಹೇಳಿಯೇ ಕಳಿಸಿದ್ದರು. ಸಂಜೆ ಕಾಲೇಜಿನಲ್ಲಿ ಓದಿದವಳು ಇವರಿಗೆಲ್ಲ ಏನು ಹೇಳಿಕೊಟ್ಟೇನು ಎಂಬ ಹಳೆಯ ಅಳುಕು ಎದ್ದು ಕೂತಿತು.

ಚಹಾದ ಹೊತ್ತಿಗೆ ಇತಿಹಾಸದ ಕಸ್ತೂರಮ್ಮ ಬಿಸ್ಕತ್ತು ಹಿಡಿದು ಪಕ್ಕಕ್ಕೆ ಬಂದರು. “ಬೇಜಾರ್ ಮಾಡ್ಕಬ್ಯಾಡ್ರಿ. ನಮ್ಮ ಕಾಲೇಜಾಗೆ ತಪ್ಪು ಒಪ್ಕಳ್ರಿ ಅಂದ್ರೆ ಯಾರು ಎದ್ದೇಳ್ತಾರೆ? ಸನ್ಮಾನ ಐತೆ ಅನ್ರಿ, ರಜಾ ಹಾಕ್ದೋರೂ ಬರ್ತಾರೆ.”

ಅದು ನಿಜವಾಗಿತ್ತು. ಬೆಳಿಗ್ಗೆ ತರಬೇತಿಗೆ ಮುಂಚೆ ನಡೆದದ್ದೆಲ್ಲ ಸನ್ಮಾನವೇ. ಅವಳಿಗೆ ಶಾಲು, ಬಡ್ತಿ ಸಿಕ್ಕ ಗುಮಾಸ್ತರಿಗೆ ಶಾಲು, ಮೈಕಿನವನಿಗೂ ಒಂದು ಹಾರ. ಬರುತ್ತೇನೆಂದು ಬಾರದೇ ಹೋದ ರಘುನಾಥ ಸರ್‌ಗೆಂದು ತಂದ ಶಾಲು ಮಾತ್ರ ಮೇಜಿನ ಮೇಲೆ, ಹಣ್ಣಿನ ಬುಟ್ಟಿಯ ಪಕ್ಕ, ಮಡಿಕೆ ಬಿಚ್ಚದೆ ಉಳಿದಿತ್ತು.

ಚಹಾ ಮುಗಿದ ಮೇಲೆ ಆಶಾ ಪ್ರೊಜೆಕ್ಟರ್ ಆರಿಸಿ ಆ ಶಾಲನ್ನು ಎತ್ತಿ ಹಿಡಿದಳು. “ಯಾರ ಪಾಠ ಎಲ್ಲರಿಗಿಂತ ಹೆಚ್ಚು ಕೆಟ್ಟಿತ್ತೋ ಅವರಿಗೆ ಇವತ್ತು ಈ ಶಾಲು ಹೊದಿಸುತ್ತೇವೆ. ಯಾಕೆ ಕೆಟ್ಟಿತು ಅಂತಲೂ ಹೇಳಬೇಕು. ತೀರ್ಪು ಸಭೆಯದು.”

ಗಾದ್ರಪ್ಪನವರು ಎದ್ದರು. ಹೊರಗೆ ನಡೆದೇಬಿಟ್ಟರು ಎಂದುಕೊಂಡಳು ಆಶಾ. ಅವರು ನೇರ ಮೈಕಿನ ಹತ್ತಿರ ಬಂದು ಗಂಟಲು ಸರಿಮಾಡಿಕೊಂಡರು.

“ಆ ಶಾಲು ಬೇರೆ ಯಾರಿಗೂ ಹೋಗಾಕೆ ಸಾಧ್ಯ ಇಲ್ಲ. ನಾನು ಒಂದಿನ ಬಿ.ಎಸ್ಸಿ. ಅಂದ್ಕಂಡು ಬಿ.ಕಾಂ. ಕ್ಲಾಸಿಗೆ ಹೋಗಿ, ಗಂಟೆ ಹೊಡೆಯೋವರ್ಗೂ ಈರುಳ್ಳಿ ಬೇರಿನ ಜೀವಕೋಶ ಪಾಠ ಮಾಡಿ ಬಂದೀನಿ. ಒಬ್ರೂ ಸರ್ ಅನ್ಲಿಲ್ಲ. ನೋಟ್ಸ್ ಬೇರೆ ಬರ್ಕಂಡ್ರು.” ತುಸು ತಡೆದು ಹೇಳಿದರು, “ಯಾಕೆ ಕೆಟ್ಟಿತು ಅಂದ್ರೆ, ನನ್ನ ಕ್ಲಾಸಾಗೆ ಬಾಯಿ ತೆಗೆಯಾಕೆ ನಾನು ಯಾರಿಗೂ ಬಿಟ್ಟಿರ್ಲಿಲ್ಲ.”

ನಗಬಹುದೋ ಇಲ್ಲವೋ ಎಂದು ಸಭೆ ಒಂದು ಗಳಿಗೆ ಕಾಯಿತು. ಗಾದ್ರಪ್ಪನವರೇ ಮೊದಲು ನಕ್ಕರು. ಆಮೇಲೆ ಕಟ್ಟೆ ಒಡೆಯಿತು.

“ಅದೇನು ಮಹಾ ಸರ್” ಎಂದು ಅರ್ಥಶಾಸ್ತ್ರದ ಕೆಂಚೇಶ್ ಕುರ್ಚಿಯಿಂದಲೇ ಕೂಗಿದ. “ಮೆಕ್ಕೆಜೋಳದ ರೇಟು ಹೆಂಗೆ ಏರ್ತೈತೆ, ಹೆಂಗೆ ಇಳೀತೈತೆ ಅಂತ ಬೋರ್ಡ್ ತುಂಬ ಗೆರೆ ಎಳೆದೆ. ‘ನಿನ್ನೆ ಎಷ್ಟಿತ್ತು ಸರ್’ ಅಂತ ಒಬ್ಬಾಕೆ ಕೇಳಿದ್ಲು. ಇಡೀ ಕ್ಲಾಸಿಗೆ ಗೊತ್ತಿತ್ತು, ನಂಗೊಬ್ನಿಗೆ ಗೊತ್ತಿರ್ಲಿಲ್ಲ.”

“ಸುಮ್ನಿರಪ್ಪ ಕೆಂಚೇಶ” ಎಂದು ಕಸ್ತೂರಮ್ಮ ಅವನನ್ನು ಸರಿಸಿ ಮುಂದೆ ಬಂದರು. “ಗುಂಪು ಚರ್ಚೆ ಮಾಡ್ರಿ ಅಂತ ಹೇಳಿ ಕೂತೆ, ಕಣ್ಣು ಹತ್ತಿಬಿಡ್ತು. ಎದ್ದು ನೋಡ್ತೀನಿ, ಕ್ಲಾಸೇ ಖಾಲಿ. ಮಕ್ಳು ಹೋಗೋವಾಗ ಫ್ಯಾನ್ ಜೋರು ಮಾಡಿ, ಬಾಗ್ಲು ಮುಂದೆ ಮಾಡ್ಕಂಡು ಹೋಗಿದ್ವು.”

ಊಟದ ಗಂಟೆ ಹೊಡೆದರೂ ಯಾರೂ ಏಳಲಿಲ್ಲ. ಕೊನೆಗೆ ಗಾದ್ರಪ್ಪನವರು ತೀರ್ಪಿಗೆ ಕೈ ಎತ್ತಿದರು. “ನಮ್ಮವೆಲ್ಲ ಹಳೇವು. ಇವತ್ತು ಬೆಳಿಗ್ಗೆ ಇದೇ ಹಾಲಿನಾಗೆ ಒಂದು ಪಾಠ ನಡೀತು. ಸ್ಲೈಡಿನ ಮೇಲೆ ಸ್ಲೈಡು. ಒಬ್ರಾದ್ರೂ ತುಟಿ ಬಿಚ್ಚಿದ್ರಾ?”

ಚಪ್ಪಾಳೆ ಚಾವಣಿಗೆ ಬಡಿಯಿತು. ಬೆಳಗಿನ ಶಾಲಿನ ಮೇಲೆ ಈ ಶಾಲೂ ಆಶಾಳ ಹೆಗಲೇರಿತು. “ಯಾಕೆ ಕೆಟ್ಟಿತು ಅಂತ ಹೇಳ್ಬೇಕು ಮೇಡಂ, ನೀವೇ ಮಾಡಿದ ಕಾನೂನು” ಎಂದ ಕೆಂಚೇಶ್.

“ಚನ್ನಗಿರಿಯ ಪಾಠವನ್ನ ನ್ಯಾಮತಿಯಲ್ಲಿ ಮಾಡಿದೆ” ಎಂದಳು ಆಶಾ. ನಗು ತಡೆಯಲಾಗದೆ ಅವಳ ಕಣ್ಣಲ್ಲಿ ನೀರು ಬಂದಿತ್ತು.

ಗಾದ್ರಪ್ಪನವರು ಅಲ್ಲೇ ನಿಂತು ರಘುನಾಥ ಸರ್‌ಗೆ ಫೋನು ಹಚ್ಚಿದರು. “ನಿಮ್ಮ ಶಾಲು ನಿಮ್ಮ ಮೇಡಂ ಹೊಡ್ಕಂಡ್ರು ಸರ್. ಹೊನ್ನಾಳಿ, ಜಗಳೂರು, ಎಲ್ಲಾ ಕಡೆಗೂ ಇವರ್ನೇ ಕಳಿಸ್ರಿ.”

ಸಂಜೆ ಬಸ್ಸಿನಲ್ಲಿ ಕೂತಾಗ ಹೊನ್ನಾಳಿಯ ಕಾಲೇಜಿನಿಂದ ಫೋನು ಬಂತು. “ಪ್ರೊಜೆಕ್ಟರ್ ರೆಡಿ ಐತೆ ಮೇಡಂ. ಬೇರೆ ಏನಾರ ಬೇಕಿತ್ತಾ?”

“ಒಂದು ಮಾತು ಹೇಳಿ ಸರ್. ನಿಮ್ಮಲ್ಲಿ ಮೇಷ್ಟ್ರುಗಳೆಲ್ಲ ಸೇರಿ ಜೋರಾಗಿ ನಗೋದು ಎಲ್ಲಿ?”

ಆ ಕಡೆಯವರು ಪಕ್ಕದವರನ್ನು ಏನೋ ಕೇಳಿದರು.

“ಬೈಕ್ ನಿಲ್ಲಿಸೋ ಶೆಡ್ಡಿನಾಗೆ ಮೇಡಂ. ಕುರ್ಚಿ ಅಲ್ಲಿಗೇ ಹಾಕಿಸ್ಲಾ?”